561 ಅಂದರೆ ಎಷ್ಟು? ಪಿಯು ಕಾಲೇಜುಗಳ ಪ್ರಾಂಶುಪಾಲರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಖಾಸಗಿ ಪಿಯು ಕಾಲೇಜುಗಳ ಪ್ರಾಂಶುಪಾಲರಿಗೆ, ಅಡ್ಮಿಷನ್ ಕಮಿಟಿಯಲ್ಲಿ ಕೂರುವ ಉಪನ್ಯಾಸಕರಿಗೆ, ಕೌಂಟರಿನಲ್ಲಿ ಕೂತು ಇಲ್ಲ ಅನ್ನುವ ಕೆಲಸ ಮಾಡುವವರಿಗೂ ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ಹದಿನಾರು ವರ್ಷ ಆಯಿತು. ಸರ್ಕಾರಿ ನೌಕರ, ಹಾಗಾಗಿ ಹೆಸರು ಹಾಕುತ್ತಿಲ್ಲ. ಕಳೆದ ತಿಂಗಳು ನಿಮ್ಮಲ್ಲಿ ಒಬ್ಬರ ಕಾಲೇಜಿನ ಗೇಟಿನೊಳಗೆ ನಾನು ಒಂದೂವರೆ ಗಂಟೆ ಸಾಲಿನಲ್ಲಿ ನಿಂತಿದ್ದೆ. ಯಾವ ಕಾಲೇಜು ಅಂತಲೂ ಹೇಳುವುದಿಲ್ಲ. ಹೇಳಿದರೆ ಇದು ಆ ಒಂದು ಕಾಲೇಜಿನ ಮೇಲಿನ ದೂರು ಆಗುತ್ತದೆ, ಉಳಿದವರೆಲ್ಲ ಸದ್ಯ ನಮ್ಮದಲ್ಲ ಅಂತ ಪಕ್ಕಕ್ಕೆ ಸರಿದುಬಿಡುತ್ತೀರಿ.

ನನ್ನ ಜೊತೆ ಇದ್ದವಳು ನಮ್ಮ ಶಾಲೆಯಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿ. ಅವಳ ಅಪ್ಪ ಅವ್ವ ಬೆಂಗಳೂರಿನಲ್ಲೇ ಕಟ್ಟಡ ಕೆಲಸ ಮಾಡುತ್ತಾರೆ. ನಮ್ಮ ಕಡೆ ಇದು ಹೊಸದೇನಲ್ಲ, ಸುಗ್ಗಿ ಮುಗಿದ ಮೇಲೆ ಊರಿಗೆ ಊರೇ ದುಡಿಯಲು ನಿಮ್ಮ ನಗರಕ್ಕೆ ಬರುತ್ತದೆ. ಇವಳು ಅಜ್ಜಿಯ ಜೊತೆ ಊರಲ್ಲೇ ಉಳಿದು ಓದಿದಳು. ಇನ್ನು ಅಪ್ಪ ಅವ್ವನ ಹತ್ತಿರ ಇದ್ದುಕೊಂಡು ಒಳ್ಳೆಯ ಕಾಲೇಜಿನಲ್ಲಿ ಸೈನ್ಸ್ ಓದಲಿ ಅಂತ ಅವರ ಆಸೆ. ಆ ಆಸೆಯನ್ನು ಹುಟ್ಟಿಸಿದವನು ನಾನೇ ಅಂತ ಈಗ ಸ್ವಲ್ಪ ಬೇಜಾರು. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದು, ಸ್ಟೇಷನ್ನಿನಲ್ಲೇ ಮುಖ ತೊಳೆದುಕೊಂಡು ನಾವಿಬ್ಬರೂ ಸೀದಾ ಕಾಲೇಜಿಗೆ ಬಂದೆವು. ಅವಳ ಅಪ್ಪ ಅರ್ಧ ದಿನದ ಕೂಲಿ ಬಿಟ್ಟು ಅಲ್ಲಿಗೇ ಬಂದಿದ್ದರು.

ಕೌಂಟರಿನಲ್ಲಿ ಮಾತು ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಎಷ್ಟು ಸರ್ ಪರ್ಸೆಂಟೇಜು?"

"ಎಂಬತ್ತೊಂಬತ್ತು ಮುಕ್ಕಾಲು."

"ಸೈನ್ಸ್‌ಗೆ ಸ್ಟೇಟ್ ಬೋರ್ಡ್ ತೊಂಬತ್ತೈದು ಸರ್. ಸುಮ್ನೆ ಅರ್ಜಿ ತಗೊಂಡು ದುಡ್ಡು ಯಾಕೆ ಹಾಳು ಮಾಡ್ತೀರಾ?"

ಅವಳ ಅಪ್ಪ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು, "ಮಾಸ್ತರ್ರೇ, ಇಡೀ ಸಾಲ್ಯಾಗ ಇಕಿನೇ ಫಸ್ಟ್ ಅದಾಳ ಅಂತ ಹೇಳ್ರಿ ಅವರಿಗೆ." ಹೇಳಿದೆ. ಗಾಜಿನ ಹಿಂದಿದ್ದವರು ನಕ್ಕರು. ಕೆಟ್ಟ ನಗು ಅಲ್ಲ, ದಿನಕ್ಕೆ ನೂರು ಜನರಿಗೆ ಇದೇ ಉತ್ತರ ಕೊಟ್ಟು ಸುಸ್ತಾದವರ ನಗು. "ಸರ್, ಇಲ್ಲಿಗೆ ಬರೋರೆಲ್ಲ ಅವರವರ ಸ್ಕೂಲಲ್ಲಿ ಫಸ್ಟೇ."

ನಾನು ಗಣಿತದ ಮೇಷ್ಟ್ರು, ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಯಾಕೆಂದರೆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಮೂವರು ಹುಡುಗರೂ ಒಂದೇ ಶಾಲೆಯವರು. ಮಾತಾಡಿಸಿದ್ದೆ. ಮೂವರಿಗೂ ತೊಂಬತ್ತಾರರ ಮೇಲಿತ್ತು, ಮೂವರಿಗೂ ಅರ್ಜಿ ಸಿಕ್ಕಿತು. ಒಂದೇ ಶಾಲೆಯಲ್ಲಿ ಮೂವರೂ ಫಸ್ಟ್ ಹೇಗೆ ಆಗುತ್ತಾರೆ? ಅವರೇ ಹೇಳಿದ ಪ್ರಕಾರ ಅವರ ತರಗತಿಯಲ್ಲಿ ಅವರಿಗಿಂತ ಮುಂದೆ ಇನ್ನೂ ಇಪ್ಪತ್ತು ಮೂವತ್ತು ಮಂದಿ ಇದ್ದಾರೆ. ಒಳ್ಳೆಯ ಹುಡುಗರೇ, ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರಲ್ಲಿ ಒಬ್ಬ ನಮ್ಮ ಹುಡುಗಿಗೆ ತನ್ನ ನೀರಿನ ಬಾಟಲಿ ಕೊಟ್ಟ.

ಈಗ ಅವಳ ಅಂಕಪಟ್ಟಿ ನಿಮ್ಮ ಮುಂದೆ ಇಡುತ್ತೇನೆ. ಅವತ್ತು ಅದನ್ನು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ, ಪರ್ಸೆಂಟೇಜು ಕೇಳಿದರು ಅಷ್ಟೇ. ಕನ್ನಡ 125ಕ್ಕೆ 121, ಉಳಿದವೆಲ್ಲ 100ಕ್ಕೆ: ಇಂಗ್ಲಿಷ್ 74, ಹಿಂದಿ 88, ಗಣಿತ 97, ವಿಜ್ಞಾನ 93, ಸಮಾಜ ವಿಜ್ಞಾನ 88. ಒಟ್ಟು 625ಕ್ಕೆ 561. ನಿಮ್ಮ ತೊಂಬತ್ತೈದು ಪರ್ಸೆಂಟ್ ಅಂದರೆ 594. ಇವಳಿಗೆ ಕಡಿಮೆ ಬಿದ್ದದ್ದು 33 ಅಂಕ. ಇಂಗ್ಲಿಷ್, ಹಿಂದಿ ಎರಡು ಭಾಷೆಗಳಲ್ಲೇ ಹೋದದ್ದು 38. ಗಣಿತ ಮತ್ತು ವಿಜ್ಞಾನ ಮಾತ್ರ ತೆಗೆದುಕೊಂಡರೆ 200ಕ್ಕೆ 190, ಸರಿಯಾಗಿ ತೊಂಬತ್ತೈದು ಪರ್ಸೆಂಟ್. ನೀವು ಸೀಟು ಕೊಡುತ್ತಿರುವುದು ಪಿಸಿಎಂಬಿಗೆ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಕ್ಕೆ. ಹಿಂದಿಯಲ್ಲಿ 12 ಅಂಕ ಬಿಟ್ಟವಳಿಗೆ ಭೌತಶಾಸ್ತ್ರ ಹತ್ತುವುದಿಲ್ಲ ಅಂತ ಯಾರು ಹೇಳಿದರು?

ಇಂಗ್ಲಿಷಿನ ಕಥೆ ಬೇರೆ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ. ಅತಿಥಿ ಶಿಕ್ಷಕರೊಬ್ಬರು ಆಗಸ್ಟ್‌ನಲ್ಲಿ ಬಂದರು, ಡಿಸೆಂಬರ್ ಹೊತ್ತಿಗೆ ಬೇರೆ ಕೆಲಸ ಸಿಕ್ಕಿತು ಅಂತ ಬಿಟ್ಟರು, ತಪ್ಪೇನಿಲ್ಲ, ಆ ಸಂಬಳದಲ್ಲಿ ಯಾರು ಇರುತ್ತಾರೆ. ಆಮೇಲೆ ಪರೀಕ್ಷೆಯವರೆಗೆ ಇಂಗ್ಲಿಷ್ ಪಾಠ ಮಾಡಿದವನು ನಾನೇ. ನನ್ನ ಇಂಗ್ಲಿಷ್ ಎಂಥದ್ದು ಅಂತ ನನಗೆ ಗೊತ್ತು. 74 ಬಂದದ್ದು ಅವಳ ದೊಡ್ಡತನ.

ಹತ್ತಿ ಬಿಡಿಸುವ ಕಾಲದಲ್ಲಿ ವಾರಕ್ಕೆ ಎರಡು ದಿನ ಅವಳ ಹಾಜರಿ ಇರುತ್ತಿರಲಿಲ್ಲ. ಅವಳೊಬ್ಬಳದೇ ಅಲ್ಲ, ಅರ್ಧ ತರಗತಿ ಖಾಲಿ ಇರುತ್ತಿತ್ತು. ಮನೆಪಾಠ ಅನ್ನುವುದು ಆ ಊರಿನಲ್ಲಿ ಇಲ್ಲ. ಹತ್ತನೇ ತರಗತಿಯಲ್ಲಿ 46 ಮಕ್ಕಳಿದ್ದರು, ಪಾಸಾದವರು 21. ಎರಡನೇ ಸ್ಥಾನ ಬಂದ ಹುಡುಗನಿಗೆ 468. ಅವನಿಗೂ ಇವಳಿಗೂ ನಡುವೆ 93 ಅಂಕದ ಅಂತರ ಇದೆ. ಅದೇ ಕೋಣೆ, ಅದೇ ಬೋರ್ಡು, ಅದೇ ಖಾಲಿ ಹುದ್ದೆ, ಅದೇ ಮೇಷ್ಟ್ರು. ಅದರಲ್ಲೇ ಒಬ್ಬಳು 93 ಅಂಕ ಮುಂದೆ ಹೋಗಿದ್ದಾಳೆ. ನಿಮ್ಮ ಕಾಲೇಜಿಗೆ ಗೊತ್ತಾಗಬೇಕಾದ ಅಂಕ ಅದು. ಆದರೆ ಅದು ಅಂಕಪಟ್ಟಿಯಲ್ಲಿ ಅಚ್ಚಾಗುವುದಿಲ್ಲ, ನಿಮ್ಮ ಅರ್ಜಿಯಲ್ಲೂ ಅದಕ್ಕೆ ಜಾಗ ಇಲ್ಲ.

ನೀವು ಕೇಳಬಹುದು, ಅಂಕ ಅಂದರೆ ಅಂಕ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಅದರಲ್ಲಿ ಊರು ಕೇರಿ ಯಾಕೆ ತರುತ್ತೀರಿ ಅಂತ. ಪ್ರಶ್ನೆಪತ್ರಿಕೆ ಒಂದೇ, ನಿಜ. ಅಂಕ ಒಂದೇ ಅಲ್ಲ. 625ರಲ್ಲಿ 125 ಆಂತರಿಕ ಅಂಕ, ಅಂದರೆ ಐದರಲ್ಲಿ ಒಂದು ಭಾಗ ಶಾಲೆಯೇ ಕೊಡುವುದು. ಪ್ರಾಜೆಕ್ಟು, ಚಟುವಟಿಕೆ, ಕಿರುಪರೀಕ್ಷೆ ಅಂತ ಹೆಸರು. ಇದನ್ನು ಯಾರು ಹೇಗೆ ಕೊಡುತ್ತಾರೆ ಅಂತ ಪ್ರೌಢಶಾಲೆಯಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. 20ಕ್ಕೆ 20 ಕೊಡುವುದೇ ವಾಡಿಕೆ, ನಾನೂ ಕೊಡುತ್ತೇನೆ, ಕೊಡದಿದ್ದರೆ ನನ್ನ ಮಕ್ಕಳಿಗೆ ಮಾತ್ರ ನಷ್ಟ. ಒಬ್ಬ ಸಹೋದ್ಯೋಗಿ ಇದ್ದರು, ಈಗ ನಿವೃತ್ತರು, ಮಕ್ಕಳ ಪ್ರಾಜೆಕ್ಟು ಓದಿ ನ್ಯಾಯವಾಗಿ 14, 15 ಅಂತ ಹಾಕುತ್ತಿದ್ದರು. ಅಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಅವರ ಕೈಯಲ್ಲಿ ಓದಿದ ಮಕ್ಕಳ ಒಟ್ಟು ಅಂಕ ಪಕ್ಕದ ಶಾಲೆಗಿಂತ ಕಡಿಮೆ ಇರುತ್ತಿತ್ತು, ನಿಮ್ಮಂಥ ಕಾಲೇಜಿನ ಕೌಂಟರಿನಲ್ಲಿ ಅದಕ್ಕೆ ದಂಡ ಕಟ್ಟಿದವರು ಆ ಮಕ್ಕಳು.

ಇನ್ನು ವರ್ಷದಿಂದ ವರ್ಷಕ್ಕೆ ಏನಾಗುತ್ತದೆ ನೋಡಿ. 625ಕ್ಕೆ 625 ತೆಗೆದವರು 2019ರಲ್ಲಿ ಇಬ್ಬರು. 2020ರಲ್ಲಿ ಆರು ಮಂದಿ. 2021ರಲ್ಲಿ ಕೋವಿಡ್ ಅಂತ ಎರಡೇ ದಿನ ಬಹು ಆಯ್ಕೆಯ ಪರೀಕ್ಷೆ ಮಾಡಿದರು, ಆಗ 157 ಮಂದಿ. 2022ರಲ್ಲಿ 145. 2023ರಲ್ಲಿ ನಾಲ್ವರು. 2024ರಲ್ಲಿ ಒಬ್ಬಳೇ, ಅವಳು ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ ಅನ್ನುವುದನ್ನು ಇಲ್ಲಿ ಹೇಳದೆ ಇರಲು ನನಗೆ ಆಗುವುದಿಲ್ಲ. 2025ರಲ್ಲಿ 22. ಎರಡರಿಂದ 157ಕ್ಕೆ ಏರಿ, ಅಲ್ಲಿಂದ ಒಂದಕ್ಕೆ ಇಳಿದು, ಮತ್ತೆ 22. ಕರ್ನಾಟಕದ ಮಕ್ಕಳು ಒಂದು ವರ್ಷ ಮಹಾ ಬುದ್ಧಿವಂತರಾಗಿ ಇನ್ನೊಂದು ವರ್ಷ ದಡ್ಡರಾದರು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಅಳೆಯುವ ಕೋಲು ಬದಲಾಯಿತು ಅಷ್ಟೇ.

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ ಜಿಲ್ಲೆ ಶೇ 94, ನಮ್ಮ ಯಾದಗಿರಿ ಶೇ 50.59, ಕಟ್ಟಕಡೆ. ನಮ್ಮ ಭಾಗದಲ್ಲಿ ಮೊದಲು ನಕಲು ನಡೆಯುತ್ತಿರಲಿಲ್ಲ ಅಂತ ನಾನು ಹೇಳಿದರೆ ನನ್ನ ವಿದ್ಯಾರ್ಥಿಗಳೇ ನಗುತ್ತಾರೆ. ನಡೆಯುತ್ತಿತ್ತು. ಕಿಟಕಿಯಿಂದ ಚೀಟಿ ಬರುತ್ತಿತ್ತು. ಕ್ಯಾಮೆರಾ ಬಂದದ್ದು ಒಳ್ಳೆಯದೇ ಆಯಿತು, ಯಾಕೆಂದರೆ ಈಗ ನಮ್ಮ ಶಾಲೆಯಲ್ಲಿ ಫಸ್ಟ್ ಬಂದವಳು ನಿಜವಾಗಿ ಫಸ್ಟ್ ಬಂದವಳು. ಆದರೆ ನಮ್ಮ ಮಕ್ಕಳ ಅಂಕ ನಂಬುವಂಥದ್ದಾದ ಅದೇ ಹೊತ್ತಿಗೆ ನಿಮ್ಮ ಗೆರೆಯಿಂದ ಇನ್ನೂ ದೂರ ಹೋಯಿತು.

ಅಂಕದ ಬೆಲೆ ಎಲ್ಲ ಕಡೆ ಒಂದೇ ಅಲ್ಲ ಅನ್ನುವುದು ನಿಮಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ನಿಮ್ಮ ನೋಟಿಸ್ ಬೋರ್ಡೇ ಅದಕ್ಕೆ ಸಾಕ್ಷಿ. ಸ್ಟೇಟ್ ಬೋರ್ಡಿಗೆ ಒಂದು ಕಟ್ ಆಫ್, ಸಿಬಿಎಸ್‌ಇಗೆ ಇನ್ನೊಂದು, ಐಸಿಎಸ್‌ಇಗೆ ಮತ್ತೊಂದು. ಬೋರ್ಡ್ ಬೇರೆಯಾದರೆ ತೊಂಬತ್ತರ ಅರ್ಥ ಬೇರೆ ಅಂತ ಒಪ್ಪಿಕೊಂಡು ನೀವೇ ಗೆರೆ ಹೆಚ್ಚು ಕಡಿಮೆ ಮಾಡುತ್ತೀರಿ. ಶಾಲೆ ಬೇರೆಯಾದರೆ ಮಾತ್ರ ಯಾಕೆ ಆಗುವುದಿಲ್ಲ? ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಕೆಲವು ಕಾಲೇಜುಗಳು ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಕಟ್ ಆಫ್ ಇಟ್ಟಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಹುಡುಗಿಯರೇ ಜಾಸ್ತಿ ಅಂಕ ತೆಗೆಯುತ್ತಾರೆ, ಹಾಗೇ ಬಿಟ್ಟರೆ ತರಗತಿ ತುಂಬ ಅವರೇ ಆಗುತ್ತಾರೆ ಅನ್ನುವ ಸಮಜಾಯಿಷಿ. ಅಂದರೆ ಬೇಕು ಅನಿಸಿದಾಗ ಗೆರೆಯನ್ನು ಬಗ್ಗಿಸಲು ಬರುತ್ತದೆ. ಓದಿದ ಹುಡುಗಿಯರನ್ನು ಹೊರಗಿಡಲು ಬಗ್ಗಿದ ಗೆರೆ, ಖಾಲಿ ಹುದ್ದೆಯ ಶಾಲೆಯಲ್ಲಿ ಓದಿದ ಹುಡುಗಿಯನ್ನು ಒಳಗೆ ತೆಗೆದುಕೊಳ್ಳಲು ಬಗ್ಗುವುದಿಲ್ಲ.

2022ರ ಸಿಇಟಿ ಗಲಾಟೆ ನೆನಪಿದೆಯಾ? ನಿಮ್ಮಲ್ಲಿ ಓದಿದ ಎಷ್ಟೋ ಮಕ್ಕಳು ಅದರಲ್ಲಿ ಸಿಕ್ಕಿಕೊಂಡಿದ್ದರು. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ದ್ವಿತೀಯ ಪಿಯು ಅಂಕ. 2021ರಲ್ಲಿ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯು ಅಂಕ ನೋಡಿ ಎಲ್ಲರಿಗೂ ಅಂಕ ಕೊಟ್ಟರು. ಮರುವರ್ಷ ಆ ಬ್ಯಾಚಿನ ಸುಮಾರು 24,000 ಮಕ್ಕಳು ಮತ್ತೆ ಸಿಇಟಿ ಬರೆದಾಗ, ನಿಮ್ಮ ಪಿಯು ಅಂಕ ಲೆಕ್ಕಕ್ಕಿಲ್ಲ ಅಂತ ಪರೀಕ್ಷಾ ಪ್ರಾಧಿಕಾರ ಹೇಳಿತು. ರ‍್ಯಾಂಕು ಪಾತಾಳಕ್ಕೆ ಹೋಯಿತು. ಮಕ್ಕಳು ಹೈಕೋರ್ಟಿಗೆ ಹೋದರು, ಒಬ್ಬರೇ ನ್ಯಾಯಮೂರ್ತಿಗಳಿದ್ದ ಪೀಠ ಅರ್ಧ-ಅರ್ಧವೇ ಆಗಬೇಕು ಅಂದಿತು, ಸರ್ಕಾರ ಮೇಲ್ಮನವಿ ಹಾಕಿತು, ಕೊನೆಗೆ ಆ ಬ್ಯಾಚಿನ ಪಿಯು ಅಂಕದಲ್ಲಿ ಸರಾಸರಿ 6 ಅಂಕ ಕಳೆದು ಹೊಸ ರ‍್ಯಾಂಕ್ ಪಟ್ಟಿ ಮಾಡುವುದು ಅಂತ ಆಯಿತು. ಆ 6 ಸರಿಯೋ ತಪ್ಪೋ ಅನ್ನುವ ಜಗಳ ಈಗ ಬೇಡ. ಒಂದು ವರ್ಷದ 90ನ್ನೂ ಇನ್ನೊಂದು ವರ್ಷದ 90ನ್ನೂ ಪಕ್ಕಪಕ್ಕ ಇಟ್ಟು ಅಳೆಯಲು ಬರುವುದಿಲ್ಲ ಅಂತ ಸರ್ಕಾರವೇ ಕೋರ್ಟಿನಲ್ಲಿ ನಿಂತು ಹೇಳಿತಲ್ಲ, ನನಗೆ ಅಷ್ಟು ಸಾಕು. ಸಿಇಟಿಯಲ್ಲಿ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇರುವುದೂ ಇದೇ ತಿಳಿವಳಿಕೆಯಿಂದ. ಆದರೆ ಆ ಬಾಗಿಲು ಇರುವುದು ಎರಡು ವರ್ಷ ಆಚೆ. ಒಳ್ಳೆಯ ಪಿಯು ಸಿಗದವರು ಅಲ್ಲಿಗೆ ಮುಟ್ಟುವುದೇ ಕಷ್ಟ.

ಹಾಗಾದರೆ ಅಂಕವೇ ಬೇಡ, ನಾವೇ ಒಂದು ಪ್ರವೇಶ ಪರೀಕ್ಷೆ ಮಾಡುತ್ತೇವೆ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಹೇಳುವುದೇನು, ಮಾಡುತ್ತಲೂ ಇದ್ದೀರಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಮೊದಲೇ, ಡಿಸೆಂಬರ್ ಜನವರಿಯಲ್ಲೇ ಟೆಸ್ಟ್ ಮಾಡಿ ಸೀಟು ತುಂಬಿಸುವ ಕಾಲೇಜುಗಳು ನಮಗೂ ಗೊತ್ತು, ಪಾಂಪ್ಲೆಟ್ಟು ನಮ್ಮ ತಾಲೂಕಿನ ಬಸ್‌ಸ್ಟ್ಯಾಂಡಿಗೂ ಬರುತ್ತದೆ. ದಯವಿಟ್ಟು ಅದು ಬೇಡ. ಆ ಟೆಸ್ಟು ಇಂಗ್ಲಿಷಿನಲ್ಲಿ ಇರುತ್ತದೆ, ಪ್ರಶ್ನೆ ನೋಡಿದರೆ ಎಂಟನೇ ತರಗತಿಯಿಂದ ಫೌಂಡೇಷನ್ ಕೋಚಿಂಗ್ ತೆಗೆದುಕೊಂಡವರಿಗೆ ಮಾತ್ರ ಅಂತ ತಿಳಿಯುತ್ತದೆ. ಮೇಲಿನ ಹಂತದಲ್ಲಿ ಇದೆಲ್ಲ ಆಗಿ ಹೋಗಿದೆ. 2013ರಿಂದ 2016ರವರೆಗೆ ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ ರ‍್ಯಾಂಕಿಗೆ ಬೋರ್ಡ್ ಅಂಕವನ್ನು ಶೇ 40 ಸೇರಿಸಿದರು, 2017ರಿಂದ ಕೈಬಿಟ್ಟರು. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ 2021ರಲ್ಲಿ ಕೆಲವು ಕೋರ್ಸ್‌ಗಳ ಕಟ್ ಆಫ್ ನೂರಕ್ಕೆ ನೂರು ಮುಟ್ಟಿತು, ಮರುವರ್ಷವೇ ಸಿಯುಇಟಿ ಅಂತ ಪರೀಕ್ಷೆ ಬಂತು, ಅದರ ಹಿಂದೆಯೇ ಅದಕ್ಕೂ ಕೋಚಿಂಗ್ ಬಂತು. ತಮಿಳುನಾಡಿನವರು ಉಲ್ಟಾ ಹೋದರು. 2006ರಲ್ಲಿ ಕಾನೂನು ತಂದು ಪ್ರವೇಶ ಪರೀಕ್ಷೆಯನ್ನೇ ತೆಗೆದರು, ಎಂಜಿನಿಯರಿಂಗ್‌ಗೆ ಪ್ಲಸ್ ಟೂ ಅಂಕ ಮಾತ್ರ, ಗಣಿತ 100, ಭೌತ 50, ರಸಾಯನ 50. ಅಂಕವನ್ನೇ ನಂಬಿದರೂ ಸರ್ಕಾರಿ ಶಾಲೆಯ ಮಕ್ಕಳು ಒಳಗೆ ಬರುವುದು ಕಡಿಮೆ ಅಂತ ಕಂಡ ಮೇಲೆ, ಅವರಿಗೆ ಅಂತಲೇ ಶೇ 7.5 ಸೀಟು ಇಟ್ಟರು. ಎಂಜಿನಿಯರಿಂಗ್‌ಗೆ ಅದು 2021ರಲ್ಲಿ. ನೀಟ್ ಪ್ರವೇಶ ಪರೀಕ್ಷೆ ಬಂದಿದ್ದ ಮೆಡಿಕಲ್‌ಗೆ 2020ರಲ್ಲೇ ಇಟ್ಟಿದ್ದರು.

ನಾನು ಕೇಳುವುದಕ್ಕೆ ಹತ್ತಿರದ್ದು ಮಾತ್ರ ಇನ್ನೂ ದೂರದಲ್ಲಿದೆ, ಅಮೆರಿಕದ ಟೆಕ್ಸಾಸ್‌ನಲ್ಲಿ. ಹಳ್ಳಿ ಮೇಷ್ಟ್ರಿಗೆ ಟೆಕ್ಸಾಸ್ ಯಾಕೆ ಅನ್ನಬೇಡಿ, ನನ್ನ ತಮ್ಮನ ಮಗ ಅಲ್ಲಿದ್ದಾನೆ, ಅವನೇ ಹೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದೆ. 1997ರಲ್ಲಿ ಅಲ್ಲಿ ಒಂದು ಕಾನೂನು ಬಂತು. ರಾಜ್ಯದ ಯಾವ ಹೈಸ್ಕೂಲೇ ಇರಲಿ, ಶ್ರೀಮಂತರ ಬಡಾವಣೆಯದ್ದೋ ಕುಗ್ರಾಮದ್ದೋ, ಆ ಶಾಲೆಯ ಮೊದಲ ಹತ್ತು ಪರ್ಸೆಂಟ್ ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಅಂಕ ಎಷ್ಟು ಅನ್ನುವುದಕ್ಕಿಂತ, ನಿನ್ನ ಶಾಲೆಯಲ್ಲಿ ನೀನು ಎಲ್ಲಿ ನಿಂತೆ ಅನ್ನುವುದು ಮುಖ್ಯ. ಜಗಳ ಇಲ್ಲ ಅಂತಲ್ಲ. ಆಸ್ಟಿನ್‌ನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಹೀಗೆ ಬಂದವರೇ ತುಂಬಿ ಹೋದರು ಅಂತ 2009ರಲ್ಲಿ ಕಾನೂನು ತಿದ್ದಿ, ಇಂಥವರಿಗೆ ಮುಕ್ಕಾಲು ಭಾಗ ಸೀಟು ಸಾಕು ಅಂತ ಮಿತಿ ಹಾಕಿದರು. ನಾನು ಹತ್ತು ಪರ್ಸೆಂಟ್ ಕೇಳುತ್ತಿಲ್ಲ. ಮುಕ್ಕಾಲು ಭಾಗವನ್ನಂತೂ ಕೇಳುವುದೇ ಇಲ್ಲ.

ಕೇಳುವುದು ಇಷ್ಟು. ನಿಮ್ಮ ಅರ್ಜಿಯಲ್ಲಿ ಒಂದು ಕಾಲಂ ಹಾಕಿ. ಶಾಲೆಯಲ್ಲಿ ಎಷ್ಟನೆಯ ಸ್ಥಾನ, ಎಷ್ಟು ಮಕ್ಕಳಲ್ಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಪರೀಕ್ಷೆ ಬೇಡ, ಸಾಫ್ಟ್‌ವೇರ್ ಬೇಡ. ಸುಳ್ಳು ಬರೆದುಬಿಡುತ್ತಾರೆ ಅನ್ನುವ ಹಾಗೂ ಇಲ್ಲ, ಪ್ರತಿ ಶಾಲೆಯ ಫಲಿತಾಂಶದ ಪಟ್ಟಿ ಮುಖ್ಯೋಪಾಧ್ಯಾಯರ ಕೈಯಲ್ಲಿ ಇರುತ್ತದೆ, ಸಹಿ ಸೀಲು ಹಾಕಿ ಅರ್ಜಿಗೆ ಲಗತ್ತಿಸಿದರೆ ಆಯಿತು. ಒಂದು ಸೆಕ್ಷನ್‌ನಲ್ಲಿ ಅರವತ್ತು ಸೀಟು ಇದ್ದರೆ ಮೂರೋ ನಾಲ್ಕೋ ಸೀಟಿಗೆ ಪರ್ಸೆಂಟೇಜು ಬಿಟ್ಟು ಈ ಕಾಲಂ ನೋಡಿ. ಸರ್ಕಾರಿ ಶಾಲೆಯಲ್ಲಿ ಫಸ್ಟ್ ಬಂದವರು, ಅವರಲ್ಲೂ ಎರಡನೆಯವರಿಗಿಂತ ಬಹಳ ಮುಂದೆ ಇರುವವರು. ಸೈನ್ಸ್‌ಗಾದರೆ ಗಣಿತ, ವಿಜ್ಞಾನದ ಅಂಕ ಬೇರೆಯಾಗಿ ನೋಡಿ. ಉಳಿದ ಐವತ್ತಾರು ಸೀಟಿಗೆ ನಿಮ್ಮ ತೊಂಬತ್ತೈದೋ ತೊಂಬತ್ತೇಳೋ ಇಟ್ಟುಕೊಳ್ಳಿ, ನನ್ನ ತಕರಾರಿಲ್ಲ.

ಇದನ್ನೇ ಅವತ್ತು ಅಲ್ಲಿನ ಒಬ್ಬ ಹಿರಿಯ ಉಪನ್ಯಾಸಕರ ಹತ್ತಿರ ಹೇಳಿದೆ. ಕಾರಿಡಾರಿನಲ್ಲಿ ನಿಂತು ಐದು ನಿಮಿಷ ಕೇಳಿಸಿಕೊಂಡರು, ಒಳ್ಳೆಯವರು. ಅವರು ಹೇಳಿದ್ದು: "ಸರ್, ಸೀಟು ಕೊಡೋದು ದೊಡ್ಡದಲ್ಲ. ಇಲ್ಲಿನ ವೇಗಕ್ಕೆ ಆ ಮಗು ತಡೆಯುತ್ತಾ? ಕನ್ನಡ ಮೀಡಿಯಂನಿಂದ ಬಂದು ಮೂರು ತಿಂಗಳಲ್ಲಿ ಅಳುತ್ತಾ ವಾಪಸ್ ಹೋದವರನ್ನ ನಾನು ನೋಡಿದ್ದೀನಿ."

ನಾನೂ ನೋಡಿದ್ದೇನೆ. ಅದಕ್ಕೇ ಆ ಮಾತಿಗೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ. ಆರೇಳು ವರ್ಷದ ಹಿಂದೆ ನಮ್ಮ ಶಾಲೆಯ ಒಬ್ಬ ಹುಡುಗನಿಗೆ 92 ಪರ್ಸೆಂಟ್ ಬಂದಿತ್ತು. ಊರವರೆಲ್ಲ ಸೇರಿ ದುಡ್ಡು ಹಾಕಿ ದೂರದ ದೊಡ್ಡ ಕಾಲೇಜಿಗೆ ಕಳಿಸಿದೆವು. ನಾನೇ ಮುಂದೆ ನಿಂತಿದ್ದೆ, ಹಾರ ಹಾಕಿ ಫೋಟೊ ತೆಗೆಸಿಕೊಂಡಿದ್ದೆ. ದಸರಾ ರಜೆಗೆ ಬಂದವನು ಮತ್ತೆ ಹೋಗಲಿಲ್ಲ. ಕೇಳಿದರೆ ಏನೂ ಹೇಳುತ್ತಿರಲಿಲ್ಲ. ಬಹಳ ದಿನ ಆದ ಮೇಲೆ ಒಂದು ಮಾತು ಹೇಳಿದ, ನನಗೆ ಅದು ಇವತ್ತಿಗೂ ಚುಚ್ಚುತ್ತದೆ. "ಸರ್, ತ್ರಿಕೋನಮಿತಿ ನನಗ ಬರತಿತ್ತು. ಆದ್ರ ಅವರು ಟ್ರಿಗ್ನಾಮೆಟ್ರಿ ಅಂದಾಗ ಅದು ಅದೇ ಅಂತ ಗೊತ್ತಾಗಾಕ ಹದಿನೈದು ದಿನ ಬೇಕಾತ್ರಿ." ಎದ್ದು ಕೇಳಲು ನಾಚಿಕೆ. ಮೊದಲ ಟೆಸ್ಟಿನಲ್ಲಿ 100ಕ್ಕೆ 11. ಅಲ್ಲಿಗೆ ಅವನ ಧೈರ್ಯ ಮುಗಿಯಿತು. ಈಗ ಊರಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿ ನಡೆಯುತ್ತಿದೆ, ನನ್ನ ಫೋನು ಅವನೇ ನೋಡುವುದು, ದುಡ್ಡು ತೆಗೆದುಕೊಳ್ಳುವುದಿಲ್ಲ.

ಆ ಹುಡುಗ ಸೋತದ್ದರಲ್ಲಿ ಕಾಲೇಜಿನದ್ದು ಎಷ್ಟು ತಪ್ಪೋ ನನ್ನದೂ ಅಷ್ಟೇ. ಏಪ್ರಿಲ್, ಮೇ ಎರಡು ತಿಂಗಳು ಸುಮ್ಮನೆ ಕಳೆದುಹೋಗಲು ಬಿಟ್ಟೆ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಬರೆಸಿದ್ದರೂ ಸಾಕಿತ್ತು. ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್, ದ್ಯುತಿಸಂಶ್ಲೇಷಣೆ ಅಂದರೆ ಫೋಟೋಸಿಂಥೆಸಿಸ್, ಇಷ್ಟೇ ತಾನೇ. ಅಲ್ಲಿಂದ ಈಚೆಗೆ ಸೈನ್ಸ್‌ಗೆ ಹೋಗುವ ಪ್ರತಿಯೊಬ್ಬರ ಕೈಯಲ್ಲೂ ಅಂಥ ನೋಟ್‌ಬುಕ್ ಬರೆಸಿಯೇ ಕಳಿಸುತ್ತೇನೆ. ಈ ಹುಡುಗಿ ಬರೆದಿರುವುದು ನಾನೂರಕ್ಕೂ ಹೆಚ್ಚು ಪದ, ಅದು ಅವತ್ತು ಅವಳ ಬ್ಯಾಗಿನಲ್ಲೇ ಇತ್ತು, ತೋರಿಸುವ ಸಂದರ್ಭ ಬರಲಿಲ್ಲ. ನಿಮ್ಮ ಕಡೆಯಿಂದ ಜೂನ್‌ನಲ್ಲಿ ಒಂದು ತಿಂಗಳು ಸಂಜೆ ಒಂದು ಗಂಟೆ ಯಾರಾದರೂ ಈ ಮೂರು ನಾಲ್ಕು ಮಕ್ಕಳನ್ನು ಕೂರಿಸಿಕೊಂಡರೆ ಸಾಕು. ಹೊಸಬರನ್ನಲ್ಲ, ಕನ್ನಡ ಮಾಧ್ಯಮದಲ್ಲೇ ಓದಿ ಬಂದ ಉಪನ್ಯಾಸಕರು ನಿಮ್ಮಲ್ಲೇ ಇದ್ದಾರೆ, ಬೇಕಾದರೆ ಸ್ಟಾಫ್ ರೂಮಿನಲ್ಲಿ ಕೇಳಿ ನೋಡಿ.

ಇನ್ನೊಂದು ವಿಷಯ, ಚಿಕ್ಕದು. 2025ರಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ 1, 2, 3 ಅಂತ ಇಟ್ಟಿದ್ದರು, ಮೂರರಲ್ಲಿ ಯಾವುದು ಜಾಸ್ತಿಯೋ ಅದು ಉಳಿಯುವ ಹಾಗೆ. ಒಳ್ಳೆಯ ವ್ಯವಸ್ಥೆ. ಆದರೆ ಆ ವರ್ಷ ಮೊದಲ ಫಲಿತಾಂಶ ಮೇ 2ಕ್ಕೆ ಬಂತು, ಎರಡನೆಯದು ಜೂನ್‌ನಲ್ಲಿ. ಅಷ್ಟರಲ್ಲಿ ನಿಮ್ಮ ಸೀಟು ಮುಗಿದಿತ್ತು. ನಮ್ಮ ಹುಡುಗಿಗೆ ಇಂಗ್ಲಿಷನ್ನು ಮತ್ತೆ ಬರೆ ಅಂತ ಹೇಳಬಹುದಿತ್ತು, 74 ಇದ್ದದ್ದು 85 ಆಗುತ್ತಿತ್ತೇನೋ. ಯಾರಿಗೆ ತೋರಿಸಲು? ಎರಡು ಸೀಟಾದರೂ ಆ ಫಲಿತಾಂಶ ಬರುವವರೆಗೆ ಹಿಡಿದಿಡಿ.

ನಿಮಗೆ ಇದರಿಂದ ಏನು ಲಾಭ ಅಂತ ಆಡಳಿತ ಮಂಡಳಿ ಕೇಳುತ್ತದೆ, ಗೊತ್ತು. ತೊಂಬತ್ತಾರು ತೆಗೆದ ಮಗುವನ್ನು ತಂದು ಎರಡು ವರ್ಷ ಕಲಿಸಿ ತೊಂಬತ್ತಾರೇ ತೆಗೆಸಿ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸುತ್ತೀರಿ. ಆ ಫ್ಲೆಕ್ಸ್ ನೋಡಿದಾಗಲೆಲ್ಲ ನನಗೆ ಅನಿಸುವುದು, ಇದರಲ್ಲಿ ಕಾಲೇಜು ಮಾಡಿದ್ದೇನು? ಮಗು ಬರುವಾಗಲೇ ತೊಂಬತ್ತಾರು ಇತ್ತಲ್ಲ. ಎಂಬತ್ತೊಂಬತ್ತರಲ್ಲಿ ಬಂದವಳನ್ನು ತೊಂಬತ್ತೈದಕ್ಕೆ ತಂದರೆ ಆಗ ಆ ಹುಡುಗಿಯ ಫೋಟೊ ದೊಡ್ಡದಾಗಿ ಹಾಕಿಸಿ, ನಾನೂ ಬಂದು ನೋಡುತ್ತೇನೆ.

ಅವಳು ಈಗ ನಮ್ಮ ತಾಲೂಕಿನ ಸರ್ಕಾರಿ ಪಿಯು ಕಾಲೇಜಿಗೆ ಸೇರಿದ್ದಾಳೆ, ಸೈನ್ಸೇ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಲ್ಲಿನ ಕೆಮಿಸ್ಟ್ರಿ ಉಪನ್ಯಾಸಕರು ಬಹಳ ಒಳ್ಳೆಯವರು, ಫಿಸಿಕ್ಸ್‌ಗೆ ಇನ್ನೂ ಯಾರೂ ಬಂದಿಲ್ಲ. ಅಪ್ಪ ಅವ್ವ ಬೆಂಗಳೂರಿನಲ್ಲೇ ಇದ್ದಾರೆ. ಮೊನ್ನೆ ಅವಳ ಅಪ್ಪ ಫೋನ್ ಮಾಡಿದ್ದರು, ಆ ಕಾಲೇಜಿನ ಹಿಂದಿನ ರಸ್ತೆಯಲ್ಲೇ ಈಗ ಕೆಲಸ ನಡೆದಿದೆಯಂತೆ, ಐದು ಅಂತಸ್ತಿನ ಕಟ್ಟಡ. ಮೇಲೆ ನಿಂತರೆ ಕಾಲೇಜಿನ ಗ್ರೌಂಡು ಕಾಣುತ್ತದಂತೆ.

ಈ ವರ್ಷ ನಮ್ಮಲ್ಲಿ ಹತ್ತನೇ ತರಗತಿಗೆ 51 ಮಕ್ಕಳಿದ್ದಾರೆ. ಆ ಕಾಲಂ ಹಾಕುವುದಾದರೆ ಮುಂದಿನ ಮೇ ಹೊತ್ತಿಗೆ ಅರ್ಜಿಯಲ್ಲಿ ಅಚ್ಚಾಗಿರಲಿ. ತುಂಬಿ, ಮುಖ್ಯೋಪಾಧ್ಯಾಯರ ಸೀಲು ಹಾಕಿಸಿಕೊಂಡು, ಮತ್ತೆ ರಾತ್ರಿ ರೈಲಿಗೆ ನಾನೇ ಕರೆದುಕೊಂಡು ಬರುತ್ತೇನೆ.

ಇತಿ,
ಯಾದಗಿರಿ ಜಿಲ್ಲೆಯ ಒಬ್ಬ ಗಣಿತ ಮೇಷ್ಟ್ರು
ಜೂನ್ 2025